ವಾಸ್ಕೊದಲ್ಲೇ ಇದ್ದು ವಾಸ್ಕೊ ಸುದ್ದಿ ಗೊತ್ತಾಗಲ್ಲ, ಏನು ಮಾಡೋದು?

ರೊಟ್ಟಿ ಅಕ್ಕ (ವಾಸ್ಕೊ):

ಎಲ್ಲರಿಗೂ ನಮಸ್ಕಾರ. ನಾನು ರಾಣೆಬೆನ್ನೂರು ಕಡೆಯವಳು. ಗೋವಾದ ವಾಸ್ಕೊಗೆ ಬಂದು ಹನ್ನೊಂದು ವರ್ಷ ಆಯಿತು. ಮಂಗೋರ್ ಹಿಲ್ ಹತ್ತಿರ ಬಾಡಿಗೆ ಮನೆ. ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಮಾಡಿ ಡಬ್ಬಿ ಕೊಡುತ್ತೇನೆ. ದಿನಕ್ಕೆ ನಲವತ್ತು ಡಬ್ಬಿ. ಬಂದರಿನಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗರೇ ಜಾಸ್ತಿ. ಯಜಮಾನರು ದಾಬೋಳಿ ವಿಮಾನ ನಿಲ್ದಾಣದ ಕಡೆ ಗಾಡಿ ಓಡಿಸುತ್ತಾರೆ.

ಹೋದ ತಿಂಗಳು ಒಂದು ಮಂಗಳವಾರ ನಸುಕಿನ ನಾಲ್ಕೂವರೆಗೆ ಎದ್ದು ನಲ್ಲಿ ತಿರುಗಿಸಿದೆ. ಬುಸ್ ಅಂತ ಗಾಳಿ ಬಂತು, ನೀರು ಬರಲಿಲ್ಲ. ಟಾಕಿಯಲ್ಲಿ ಒಂದು ಗೇಣು ಇತ್ತು. ಅದರಲ್ಲೇ ಹಿಟ್ಟು ನಾದಿ ಅವತ್ತಿನ ಡಬ್ಬಿ ಹೇಗೋ ಕಳಿಸಿದೆ. ಪಾತ್ರೆ ತೊಳೆಯಲು ಹನಿ ನೀರಿಲ್ಲ. ಟ್ಯಾಂಕರಿಗೆ ಫೋನ್ ಮಾಡಿದರೆ ಎಲ್ಲರೂ ಹಿಂದಿನ ದಿನವೇ ಹೇಳಿಟ್ಟಿದ್ದಾರಂತೆ. ಎರಡು ದಿನ ಡಬ್ಬಿ ಬಂದ್. ಕೆಳಗಿನ ಮನೆಯ ಕೊಂಕಣಿ ಬಾಯಿ ಮಾತ್ರ ಕೊಡ, ಬಕೆಟ್, ಡ್ರಮ್ಮು, ಕೊನೆಗೆ ಇಡ್ಲಿ ಪಾತ್ರೆಯನ್ನೂ ತುಂಬಿಸಿಟ್ಟುಕೊಂಡು ಆರಾಮಾಗಿ ಕೂತಿದ್ದರು. "ತುಕಾ ಖಬರ್ ನಾ?" (ನಿನಗೆ ಗೊತ್ತಿಲ್ವಾ?) ಅಂದರು ನನಗೆ.

ಇಷ್ಟೇ ಆಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. ಎಂಟು ದಿನದ ಮೇಲೆ ರದ್ದಿ ಅಂಗಡಿಯಿಂದ ತಂದ ಪೇಪರ್ ಬಿಡಿಸಿ ರೊಟ್ಟಿ ಕಟ್ಟುತ್ತಿದ್ದೆ. ಆರನೇ ಕ್ಲಾಸಿನ ಮಗಳು ಪಕ್ಕದಲ್ಲಿ ಕೂತು ಓದುತ್ತಿದ್ದಳು. "ಅವ್ವಾ, ಇದರಲ್ಲಿ ನಮ್ಮ ನೀರಿನದು ಇದೆ ನೋಡು" ಅಂದಳು. ಹೌದು. ಇಂತಿಂಥ ದಿನ ಪೈಪಿನ ಕೆಲಸ, ಇಂತಿಂಥ ಕಡೆ ನೀರು ಬರಲ್ಲ, ತುಂಬಿಟ್ಟುಕೊಳ್ಳಿ ಅಂತ ಅಂಗೈ ಅಗಲದ ಪ್ರಕಟಣೆ. ತಪ್ಪು ನೀರು ಬಿಡುವವರದಲ್ಲ, ಅವರು ಮೊದಲೇ ಹೇಳಿದ್ದರು. ನಾನು ಅದರಲ್ಲಿ ರೊಟ್ಟಿ ಸುತ್ತುತ್ತಿದ್ದೆ.

ನಗಬೇಡಿ. ಊರಿನ ಸುದ್ದಿ ಎಲ್ಲ ನನಗೆ ಗೊತ್ತು. ರಾಣೆಬೆನ್ನೂರಲ್ಲಿ ಮೆಣಸಿನಕಾಯಿ ಯಾವ ರೇಟಿಗೆ ಹೋಯಿತು, ಹಾವೇರಿಯಲ್ಲಿ ಯಾವ ಬಸ್ಸು ಎಲ್ಲಿ ಮಗುಚಿತು, ಅರ್ಧ ಗಂಟೆಯಲ್ಲಿ ಫೋನಿಗೆ ಬರುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ಯಾವ ತಿಂಗಳದ್ದು ಬಂತು, ಯಾವುದು ಬಾಕಿ ಅಂತ ನಮ್ಮ ಅತ್ತೆಗಿಂತ ಮೊದಲು ನನಗೆ ಗೊತ್ತಿರುತ್ತದೆ. ಆದರೆ ಇಲ್ಲಿ ಗೋವಾದಲ್ಲಿ ಗೃಹ ಆಧಾರ್ ಅಂತ ಇದೆ, ಮದುವೆಯಾದ ಹೆಂಗಸರಿಗೆ ತಿಂಗಳಿಗೆ 1500 ರೂಪಾಯಿ, ಅದಕ್ಕೆ 15 ವರ್ಷ ಗೋವಾದಲ್ಲಿ ಇದ್ದಿರಬೇಕು ಅನ್ನುವುದು ಗೊತ್ತಾಗಿದ್ದು ಬಂದ ಎಂಟನೇ ವರ್ಷಕ್ಕೆ. ಅದೂ ಮೀನು ಮಾರುವವಳ ಬಾಯಿಂದ.

ನನಗೆ ರಾಜಕೀಯ ಬೇಡ. ನೀರು, ಕರೆಂಟು, ರಸ್ತೆ ಬಂದ್, ಶಾಲೆ ರಜೆ, ಕಾಗದಪತ್ರದ ಕೊನೇ ದಿನ. ಇಷ್ಟು ಗೊತ್ತಾದರೆ ಸಾಕು. ಇಂಗ್ಲಿಷ್ ಕೂಡಿಸಿ ಕೂಡಿಸಿ ಓದುತ್ತೇನೆ. ಹಿಂದಿ ಅಕ್ಷರ ಬರುತ್ತದೆ. ಕೊಂಕಣಿ ಸಂತೆಗೆ ಸಾಕಾಗುವಷ್ಟು ಬರುತ್ತದೆ. ಗೋವಾದಲ್ಲಿ ಇರುವವರು ನೀವೆಲ್ಲ ಏನು ಮಾಡುತ್ತೀರಿ?

ಪೇಪರ್ ಅಣ್ಣ (ವಾಸ್ಕೊ):

ಅಕ್ಕಾರೆ, ಮೊದಲು ಒಂದು ಮಾತು. ಬಿಸಿ ರೊಟ್ಟಿಗೆ ಪೇಪರ್ ಸುತ್ತಬೇಡಿ. ಪೇಪರ್ ಮಾರಿ ಹೊಟ್ಟೆ ಹೊರೆಯುವ ನಾನೇ ಹೇಳುತ್ತಿದ್ದೇನೆ. ಆ ಶಾಯಿ ಹೊಟ್ಟೆಗೆ ಒಳ್ಳೆಯದಲ್ಲ. ಆಹಾರ ಸುರಕ್ಷತೆಯವರು 2016ರಲ್ಲೇ ಬೇಡ ಅಂತ ಹೇಳಿದ್ದಾರೆ. ಬಾಳೆ ಎಲೆ ಇಲ್ಲದಿದ್ದರೆ ಬಟರ್ ಪೇಪರ್ ತನ್ನಿ.

ನಾನು ಗದಗ ಕಡೆಯವನು. ಇಪ್ಪತ್ತಾರು ವರ್ಷದಿಂದ ಬೆಳಿಗ್ಗೆ ವಾಸ್ಕೊ ಪೇಟೆಯಲ್ಲಿ ಬಂಡಲ್ ಬಿಚ್ಚುತ್ತೇನೆ. ಇಷ್ಟು ಸಣ್ಣ ಊರಿಗೆ ಎಷ್ಟು ಭಾಷೆಯ ಪೇಪರ್ ಬರುತ್ತದೆ ಅಂತ ಹೊರಗಿನವರಿಗೆ ಹೇಳಿದರೆ ನಂಬಲ್ಲ. ಇಂಗ್ಲಿಷಿನಲ್ಲಿ ನವಹಿಂದ್ ಟೈಮ್ಸ್, ಹೆರಾಲ್ಡ್, ಗೋವನ್. ಮರಾಠಿಯಲ್ಲಿ ಗೋಮಾಂತಕ, ತರುಣ್ ಭಾರತ್, ನವಪ್ರಭಾ. ಕೊಂಕಣಿಯಲ್ಲಿ ಭಾಂಗರಭೂಂಯ್. ಹೆರಾಲ್ಡ್ 1900ರಲ್ಲಿ ಪೋರ್ಚುಗೀಸ್ ಪೇಪರಾಗಿ ಶುರುವಾಗಿ 1983ರಲ್ಲಿ ಇಂಗ್ಲಿಷಿಗೆ ತಿರುಗಿತು. ನಾನು ಬಂದ ಹೊಸದರಲ್ಲಿ, ಪೋರ್ಚುಗೀಸ್ ಇದ್ದಾಗಿಂದ ಓದುತ್ತಿದ್ದೇನೆ ಅನ್ನುವ ಒಬ್ಬ ಅಜ್ಜ ಗಿರಾಕಿ ಇದ್ದರು. ಪೇಪರ್ ಐದು ನಿಮಿಷ ತಡವಾದರೆ ಗೇಟಿನ ಹತ್ತಿರ ಕೋಲು ಹಿಡಿದು ನಿಲ್ಲುತ್ತಿದ್ದರು.

ನಮ್ಮ ಕನ್ನಡ ಪೇಪರ್ ಹುಬ್ಬಳ್ಳಿಯಿಂದ ಘಾಟಿ ಇಳಿದು ಬರಬೇಕು. ಮಳೆಗಾಲದಲ್ಲಿ ಅನಮೋಡ ಕಡೆ ಗುಡ್ಡ ಕುಸಿದರೆ ಮಧ್ಯಾಹ್ನ, ಇಲ್ಲವೇ ಮಾರನೇ ದಿನ. ಬಂದರೂ ಅದರಲ್ಲಿ ನಿಮ್ಮ ಮಂಗೋರ್ ಹಿಲ್ ನೀರಿನ ಸುದ್ದಿ ಇರುವುದಿಲ್ಲ. ಅದು ಹುಬ್ಬಳ್ಳಿಯವರಿಗೆ ಮಾಡಿದ ಪೇಪರ್, ಅವರದೇನು ತಪ್ಪು? ಆದರೂ ನನ್ನ ಕನ್ನಡ ಗಿರಾಕಿಗಳು ಅದನ್ನೊಂದೇ ತೆಗೆದುಕೊಳ್ಳುತ್ತಾರೆ. ಆಮೇಲೆ ನನ್ನನ್ನೇ ಕೇಳುತ್ತಾರೆ, ಅಣ್ಣಾ ಇವತ್ತು ಯಾಕೆ ಕರೆಂಟಿಲ್ಲ ಅಂತ.

ನಿಮಗೆ ಹಿಂದಿ ಅಕ್ಷರ ಬರುತ್ತದೆ ಅಂದಿರಿ. ಮರಾಠಿಗೂ ಅವೇ ಅಕ್ಷರ. ಹಾಗಾದರೆ ತರುಣ್ ಭಾರತ್ ಹಿಡಿಯಿರಿ. ಅದು ಮೂಲ ಬೆಳಗಾವಿ ಪೇಪರ್, 1919ರದ್ದು. ಗೋವಾ ಆವೃತ್ತಿಯಲ್ಲಿ ಊರೂರಿನ ಸಣ್ಣ ಸುದ್ದಿ ತುಂಬಾ ಇರುತ್ತದೆ. ಮೊದಲ ತಿಂಗಳು ಕಷ್ಟ. "ಪಾಣಿ ಪುರವಠಾ" ಅಂದರೆ ನೀರು ಪೂರೈಕೆ, "ವೀಜ ಖಂಡಿತ" ಅಂದರೆ ಕರೆಂಟ್ ಕಟ್, "ಉದ್ಯಾ" ಅಂದರೆ ನಾಳೆ, ಮತ್ತೆ "ಬಂದ್". ಈ ನಾಲ್ಕು ಮಾತು ಕಣ್ಣಿಗೆ ಬಿದ್ದರೆ ನಿಮ್ಮ ಮುಕ್ಕಾಲು ಕೆಲಸ ಆಯಿತು. ಮೊದಲ ಪುಟ ಬಿಟ್ಟುಬಿಡಿ. ಅಲ್ಲಿ ಇರುವುದು ಪಣಜಿ ಮತ್ತು ದಿಲ್ಲಿ. ಒಳಗೆ ಮೂಲೆಯಲ್ಲಿ ಇರುತ್ತದೆ ನಮ್ಮಂಥವರ ಸುದ್ದಿ.

ಇನ್ನೊಂದು ವಿಷಯ, ಇದನ್ನು ಬಹಳ ಜನ ತಿಳಿದಿಲ್ಲ. ಸುದ್ದಿಯಲ್ಲಿ "ವಾಸ್ಕೊ" ಅಂತ ಹುಡುಕಿದರೆ ಸಿಗಲ್ಲ. ನಮ್ಮ ನಲ್ಲಿಗೆ ನೀರು ಬರುವುದು ಸಾಂಗೆ ತಾಲೂಕಿನ ಸಾಳಾವಳಿ ಅಣೆಕಟ್ಟಿನಿಂದ. ದಕ್ಷಿಣ ಗೋವಾಕ್ಕೆಲ್ಲ ಅದೇ ನೀರು, ನಾವು ಇರುವುದು ಪೈಪಿನ ಕೊನೆಯ ಕಡೆ. ಹಾಗಾಗಿ ಸಾಳಾವಳಿ ಅಂತ ಎಲ್ಲಿ ಬಂದರೂ ಅದು ನಿಮ್ಮ ಸುದ್ದಿ. ಹಾಗೇ ಊರಿನ ಹೆಸರಿನ ಬದಲು "ಮುರ್ಗಾಂವ್" ಅಂತ ತಾಲೂಕಿನ ಹೆಸರು ಹಾಕಿರುತ್ತಾರೆ. ಓಪಾ ಅಂತ ಬಂದರೆ ಬಿಡಿ, ಅದು ಫೋಂಡಾ, ಪಣಜಿ ಕಡೆಯವರ ನೀರು.

ಒಬ್ಬರಿಗೆ ತಿಂಗಳ ಬಿಲ್ಲು ಭಾರ ಅನಿಸಿದರೆ ಕೆಳಗಿನ ಬಾಯಿ ಜೊತೆ ಅರ್ಧ ಅರ್ಧ ಹಾಕಿಕೊಳ್ಳಿ. ನನ್ನ ಲೈನಿನಲ್ಲಿ ಎಷ್ಟೋ ಮನೆ ಹಾಗೆ ಇವೆ. ಲಾಕ್‌ಡೌನಿನಲ್ಲಿ ಪೇಪರ್ ಬಿಟ್ಟವರು ಮತ್ತೆ ಹಿಡಿಯಲಿಲ್ಲ. ಈಗ ಮೂರು ಮಹಡಿಗೆ ಒಂದು ಪೇಪರ್.

ಝುವಾರಿನಗರದ ಹುಡುಗ:

ಪೇಪರ್ ಅಣ್ಣ ಬೈಯಬಾರದು. ಈಗ ಯಾರು ಬೆಳಿಗ್ಗೆವರೆಗೆ ಕಾಯುತ್ತಾರೆ? ಪ್ರುಡೆಂಟ್, ಗೋವಾ 365 ಎರಡೂ ಸುದ್ದಿ ಚಾನೆಲ್ ಯೂಟ್ಯೂಬಿನಲ್ಲಿ ಸಿಗುತ್ತವೆ. ಕೊಂಕಣಿ ಸುದ್ದಿ ದಿನಾ ಕೇಳಿ. ನಮ್ಮ ಅಪ್ಪ ಬಾಗಲಕೋಟೆಯವರು, ಅಕ್ಷರ ಬರಲ್ಲ. ಅವರು ಕೊಂಕಣಿ ಕಲಿತದ್ದೇ ಸುದ್ದಿ ನೋಡಿ. ಈಗ ನನಗಿಂತ ಚೆನ್ನಾಗಿ ಜಗಳ ಆಡುತ್ತಾರೆ.

ಆದರೆ ವಾಟ್ಸಾಪ್ ಗ್ರೂಪ್ ಬಗ್ಗೆ ಹುಷಾರ್. 2020ರ ಜೂನ್‌ನಲ್ಲಿ ಮಂಗೋರ್ ಹಿಲ್ ಗೋವಾದ ಮೊದಲ ಕಂಟೇನ್‌ಮೆಂಟ್ ಝೋನ್ ಆಯಿತಲ್ಲ, ಆಗ ನಮ್ಮ ಚಿಕ್ಕಮ್ಮ ಅಲ್ಲೇ ಇದ್ದರು. ಒಂದು ವಾಯ್ಸ್ ಮೆಸೇಜ್ ಬಂತು. ಅಪ್ಪಟ ನಮ್ಮ ಕಡೆಯ ಕನ್ನಡ, ಗಾಬರಿ ಗಂಟಲು. ಇಡೀ ತಾಲೂಕು ನಲವತ್ತು ದಿನ ಬಂದ್, ರೇಷನ್ ಸಿಗಲ್ಲ, ಇವತ್ತೇ ಊರಿಗೆ ಹೊರಡಿ ಅಂತ. ನಮ್ಮ ಮನೆಯಲ್ಲಿ ಬ್ಯಾಗ್ ಕಟ್ಟಿಬಿಟ್ಟಿದ್ದೆವು. ಆಮೇಲೆ ನೋಡಿದರೆ ಅದೇ ಮೆಸೇಜ್ ಬೇರೆ ಊರಿನ ಹೆಸರಲ್ಲಿ ಇಳಕಲ್ಲಿನ ನಮ್ಮ ಮಾವನಿಗೂ ಬಂದಿತ್ತು! ನಮ್ಮ ಭಾಷೆಯಲ್ಲಿ ಹೇಳಿದರೆ ನಮ್ಮವರೇ ಹೇಳಿದ್ದು ಅಂತ ನಂಬಿಬಿಡುತ್ತೇವೆ ಅಲ್ವಾ, ಅಲ್ಲೇ ಸಿಕ್ಕಿಹಾಕಿಕೊಳ್ಳುವುದು.

ಅದಾದ ಮೇಲೆ ನನ್ನದು ಒಂದೇ ಲೆಕ್ಕ. ಮೆಸೇಜಿನಲ್ಲಿ ತಾರೀಖು ಮತ್ತು ಜಾಗದ ಹೆಸರು ಎರಡೂ ಇರಬೇಕು. "ನಾಳೆ" ಅಂತ ಮಾತ್ರ ಇದ್ದರೆ ಅದು ಯಾವ ವರ್ಷದ ನಾಳೆಯೋ.

ಅಕ್ಕ, ರೊಟ್ಟಿ ಡಬ್ಬಿ ಝುವಾರಿನಗರಕ್ಕೂ ಕೊಡುತ್ತೀರಾ?

ಹಳೇ ಬಂದರಿನವ (ಮಡಗಾಂವ್):

ಮೂವತ್ತು ವರ್ಷ ಮುರ್ಗಾಂವ್ ಬಂದರಿನಲ್ಲಿ ಲೆಕ್ಕ ಬರೆದವನು ನಾನು. ಈಗ ಮಡಗಾಂವಿನಲ್ಲಿ ಮಗಳ ಮನೆ. ಝುವಾರಿನಗರದ ತಮ್ಮ ಹೇಳಿದ್ದು ಸರಿ. ಆದರೆ ಯೂಟ್ಯೂಬಿನಲ್ಲಿ ಜಗಳ ಜಾಸ್ತಿ, ಪ್ರಕಟಣೆ ಕಡಿಮೆ. ಯಾರು ಯಾರಿಗೆ ಬೈದರು ಅನ್ನುವುದು ರಾತ್ರಿಯೇ ಗೊತ್ತಾಗುತ್ತದೆ. ನೀರು ಯಾವಾಗ ನಿಲ್ಲುತ್ತದೆ ಅನ್ನುವುದು ಗೊತ್ತಾಗಲ್ಲ.

ತಮ್ಮಾ, ನೀನು ಮತ್ತು ಅಕ್ಕ ಇಬ್ಬರೂ ಒಂದೇ ಊರಲ್ಲಿ ಇದ್ದೇವೆ ಅಂದುಕೊಂಡಿದ್ದೀರಿ. ಅಲ್ಲ. ಅಕ್ಕ ಇರುವುದು ಮುರ್ಗಾಂವ್ ನಗರಪಾಲಿಕೆ, ಅಲ್ಲಿ 25 ವಾರ್ಡು. ನೀನಿರುವುದು ಸಾಂಕವಾಳ ಪಂಚಾಯಿತಿ. ಕಸದಿಂದ ಹಿಡಿದು ಮನೆ ತೆರಿಗೆವರೆಗೆ ನಿಮ್ಮಿಬ್ಬರ ಸುದ್ದಿ ಬೇರೆ ಬೇರೆ. ನಿನಗೆ ಗ್ರಾಮಸಭೆ ಇದೆ, ಭಾನುವಾರ ಕರೆಯುತ್ತಾರೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಹೋಗಿ ಕೂತುಕೋ. ಮಾತಾಡಬೇಕೆಂದಿಲ್ಲ. ನಮ್ಮ ಜನ ಅಲ್ಲಿ ಕೂರುವುದೇ ಇಲ್ಲ. ಹೊರಗಿನವರು ಅಂದುಬಿಟ್ಟಾರು ಅನ್ನುವ ಹಿಂಜರಿಕೆ. ನನಗೂ ಇತ್ತು. ಮೊದಲ ಸಲ ಹೋದಾಗ ಹಿಂದಿನ ಸಾಲಿನಲ್ಲಿ ಕೂತು ಎರಡು ಗಂಟೆ ಕೇಳಿದೆ. ಒಂದು ಚರಂಡಿಯ ಮೇಲೆ ಇಷ್ಟೊಂದು ಮಾತು ಇರುತ್ತದೆ ಅಂತ ಅವತ್ತೇ ತಿಳಿದದ್ದು.

ಕಾಗದಪತ್ರದ ವಿಷಯಕ್ಕೆ ಸರ್ಕಾರಿ ಗೆಜೆಟ್ ಇದೆ. ಪ್ರತಿ ಗುರುವಾರ ಬರುತ್ತದೆ. ಮೂರು ಸರಣಿ. ಮೂರನೆಯದರಲ್ಲಿ ಪ್ರಕಟಣೆಗಳು. ದುಡ್ಡಿಲ್ಲ, ಇಂಟರ್‌ನೆಟ್‌ನಲ್ಲೇ ಸಿಗುತ್ತದೆ. ಓದಲು ಬೇಜಾರು, ಒಪ್ಪುತ್ತೇನೆ. ನಮ್ಮ ಮನೆಯಲ್ಲಿ ನಾನೊಬ್ಬನೇ ಓದುವುದು. ಮಗಳು ಅದನ್ನು ನನ್ನ ಗುರುವಾರದ ವ್ರತ ಅನ್ನುತ್ತಾಳೆ.

ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ಕನ್ನಡ ಪೇಪರ್ ಬಿಡಬೇಡಿ. ಎರಡನ್ನೂ ಓದಿ. 2018ರ ಆಗಸ್ಟಿನಲ್ಲಿ ಮಹದಾಯಿ ನ್ಯಾಯಮಂಡಳಿ ತೀರ್ಪು ಬಂದಾಗ ನಾನು ಎರಡು ರಾಜ್ಯದ ಪೇಪರ್ ಪಕ್ಕಪಕ್ಕ ಇಟ್ಟುಕೊಂಡಿದ್ದೆ. ಕರ್ನಾಟಕಕ್ಕೆ 13.42 ಟಿಎಂಸಿ. ನಾವು ಕೇಳಿದ್ದು 36ಕ್ಕಿಂತ ಜಾಸ್ತಿ, ಹಾಗಾಗಿ ಅಲ್ಲಿಯವರಿಗೆ ಸಿಕ್ಕಿದ್ದು ಸಾಲದು. ಇಲ್ಲಿಯವರಿಗೆ ಅದೇ 13.42 ಕೊಟ್ಟದ್ದೇ ಜಾಸ್ತಿ, ಮ್ಹಾದಯ್ ನಮ್ಮ ತಾಯಿ ಅಂತ. ನದಿ ಒಂದೇ, ಅಂಕಿ ಒಂದೇ. ನಮ್ಮಂಥವರಿಗೆ ಅಣ್ಣನ ಮನೆಯೂ ನೀರು ಕುಡಿಯಬೇಕು, ನಮ್ಮ ನಲ್ಲಿಯೂ ಬರಬೇಕು. ಅವತ್ತು ಚಹಾ ಅಂಗಡಿಯಲ್ಲಿ ನಾನು ಬಾಯಿ ಬಿಡಲಿಲ್ಲ. ಎರಡೂ ಓದಿದ್ದೆನಲ್ಲ, ಯಾರ ಪರ ಮಾತಾಡಲಿ?

ಪುಣೆ ಪಾಟೀಲ:

ಇಲ್ಲೂ ಇದೇ ಕತೆ. ಪುಣೆಯಲ್ಲಿ ನೀರು ನಿಲ್ಲುವುದು ಹೆಚ್ಚಾಗಿ ಗುರುವಾರ. ಇದೊಂದು ಗೊತ್ತಿದ್ದರೆ ಅರ್ಧ ಪೇಪರ್ ಓದಿದ ಹಾಗೆ. ನಿಮ್ಮಲ್ಲಿ ಹಾಗೆ ವಾರ ಇಲ್ವಾ?

ಪೇಪರ್ ಅಣ್ಣ (ವಾಸ್ಕೊ):

ಇಲ್ಲ ಪಾಟೀಲರೆ, ಇಲ್ಲಿ ವಾರ ನೋಡಲ್ಲ. ಆದರೆ ಬೇರೆ ಲೆಕ್ಕ ಇದೆ. ನಾಗರಪಂಚಮಿ ಮಾರನೇ ದಿನ ದಾಮೋದರ ದೇವರ ಸಪ್ತಾಹ ಶುರುವಾಗುತ್ತದೆ. ಜಾತ್ರೆಯ ಅಂಗಡಿ ರಸ್ತೆ ತುಂಬ. ಆ ವಾರ ಪೇಟೆಯಲ್ಲಿ ಗಾಡಿ ತಿರುಗಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗೆ ಮೀನುಗಾರಿಕೆ ನಿಷೇಧ. ಖಾರೀವಾಡಾ ಜೆಟ್ಟಿ ಖಾಲಿ, ಮೀನಿನ ರೇಟು ಆಕಾಶಕ್ಕೆ. ಡಿಸೆಂಬರ್ 3 ಹಳೇ ಗೋವಾದಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಫೆಸ್ಟು, 19 ವಿಮೋಚನೆ ದಿನ. ಇವಕ್ಕೆ ಪೇಪರ್ ಬೇಡ, ಕ್ಯಾಲೆಂಡರ್ ಸಾಕು. ರೊಟ್ಟಿ ಅಕ್ಕನಿಗೆ ಜೂನ್, ಜುಲೈಯಲ್ಲಿ ಪಲ್ಯದ ಡಬ್ಬಿ ಜಾಸ್ತಿ ಹೋಗುತ್ತದೆ, ಅಲ್ವಾ?

ರೊಟ್ಟಿ ಅಕ್ಕ (ವಾಸ್ಕೊ):

ಹೋಗುತ್ತದೆ ಅಣ್ಣ. ಹನ್ನೊಂದು ವರ್ಷದಿಂದ ಹೋಗುತ್ತಿದೆ, ಯಾಕೆ ಅಂತ ಇವತ್ತು ಗೊತ್ತಾಯಿತು. ನಾನು ಮಳೆಗೆ ಜನ ಹೊರಗೆ ಹೋಗಲ್ಲ, ಅದಕ್ಕೆ ಅಂದುಕೊಂಡಿದ್ದೆ.

ಇಷ್ಟು ದಿನ ಬಿಟ್ಟು ಬರೆಯುತ್ತಿರುವುದಕ್ಕೆ ಕ್ಷಮಿಸಿ. ಮೂರು ವಾರ ನೀವು ಹೇಳಿದ್ದನ್ನೆಲ್ಲ ಮಾಡಿ ನೋಡಿದೆ. ಗೆಜೆಟ್ ಆಗಲಿಲ್ಲ ಕಾಕಾ. ಎರಡನೇ ಪುಟಕ್ಕೆ ಕಣ್ಣು ಮುಚ್ಚಿತು. ಯೂಟ್ಯೂಬ್ ಹಚ್ಚಿದರೆ ಯಜಮಾನರು ಸುದ್ದಿ ಬಿಟ್ಟು ಕ್ರಿಕೆಟ್‌ಗೆ ಹೋಗುತ್ತಾರೆ.

ಪೇಪರ್ ಹಿಡಿದಿದ್ದೇನೆ. ತರುಣ್ ಭಾರತ್, ಕೆಳಗಿನ ಬಾಯಿ ಜೊತೆ ಪಾಲು. ಆರು ಗಂಟೆಯಿಂದ ಎಂಟರವರೆಗೆ ಅವರದು, ಆಮೇಲೆ ನನ್ನದು. ಆದರೆ ನಿಜ ಹೇಳಬೇಕೆಂದರೆ ಓದುವುದು ಮಗಳು. ನಾನು ಹೆಂಚಿನ ಮೇಲೆ ರೊಟ್ಟಿ ತಿರುವುತ್ತಿರುತ್ತೇನೆ, ಅವಳು ಶಾಲೆಗೆ ಹೊರಡುವ ಮೊದಲು ಪುಟ ತಿರುವುತ್ತಾಳೆ. ಶಾಲೆಯಲ್ಲಿ ಮರಾಠಿ ಇದೆ, ಸರಾಗ ಓದುತ್ತಾಳೆ. "ಸಾಳಾವಳಿ ಇಲ್ಲ, ಮುರ್ಗಾಂವ್ ಒಂದು ಇದೆ, ಅದು ಕಳ್ಳತನ" ಅನ್ನುತ್ತಾಳೆ. ಐದು ನಿಮಿಷದ ಕೆಲಸ. ಕಳ್ಳತನದ್ದು ಮಾತ್ರ ಪೂರ್ತಿ ಓದುತ್ತಾಳೆ, ಬೇಡ ಅಂದರೂ.

ಇನ್ನೊಂದು ನಾನೇ ಕಂಡುಕೊಂಡದ್ದು. ನಮ್ಮ ಓಣಿಗೆ ಬೆಳಿಗ್ಗೆ ಸೈಕಲ್ ಮೇಲೆ ಪೊಂಪೊಂ ಅಂತ ಹಾರ್ನ್ ಒತ್ತುತ್ತಾ ಪಾವು ಮಾರುವ ಪೊದೇರ್ ಬರುತ್ತಾನಲ್ಲ, ನಾವು ರೊಟ್ಟಿ ತಿನ್ನುವವರು, ಅವನನ್ನು ಒಂದು ದಿನವೂ ನಿಲ್ಲಿಸಿರಲಿಲ್ಲ. ಈಗ ದಿನಾ ನಾಲ್ಕು ಪಾವು ತೆಗೆದುಕೊಳ್ಳುತ್ತೇನೆ. ಅವನು ಎಲ್ಲ ಮನೆ ಬಾಗಿಲಿಗೂ ಹೋಗಿ ಬಂದಿರುತ್ತಾನೆ. ಎಲ್ಲಿ ಪೈಪ್ ಒಡೆದಿದೆ, ಯಾರ ಮನೆಯಲ್ಲಿ ಸಾವಾಗಿದೆ, ಯಾವ ರಸ್ತೆ ಅಗೆದಿದ್ದಾರೆ, ಎಲ್ಲ ಅವನ ಹತ್ತಿರ ಇದೆ. ಕೇಳಬೇಕು ಅಷ್ಟೇ. ಹನ್ನೊಂದು ವರ್ಷ ನಾನು ಕೇಳಿರಲಿಲ್ಲ. ಪಾವು ಏನು ಮಾಡುತ್ತೀಯಾ ಅಂತ ಅತ್ತೆ ಫೋನಿನಲ್ಲಿ ಕೇಳಿದರು. ಸುದ್ದಿಯ ರೇಟು ಅಂದೆ.

ಹೋದ ಬುಧವಾರ ಮಗಳು ಓದಿದಳು, ಶುಕ್ರವಾರ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಮ್ಮ ಕಡೆ ಕರೆಂಟ್ ಇಲ್ಲ ಅಂತ. ಅವತ್ತು ರಾತ್ರಿಯೇ ಚಟ್ನಿ ಪುಡಿ ಮಿಕ್ಸಿಗೆ ಹಾಕಿಟ್ಟೆ, ಟಾಕಿ ತುಂಬಿಸಿದೆ. ಆಮೇಲೆ ಏನೋ ಹೊಳೆಯಿತು. ನನ್ನ ಗಿರಾಕಿ ಹುಡುಗರೂ ಅದೇ ಬೆಟ್ಟದ ಮೇಲೆ ರೂಮು ಮಾಡಿಕೊಂಡಿದ್ದಾರೆ, ರಾತ್ರಿ ಪಾಳಿ ಮುಗಿಸಿ ಬಂದು ಫೋನ್ ಚಾರ್ಜಿಗೆ ಹಾಕಿ ಮಲಗುವವರು. ಅವರಿಗೆ ಯಾರು ಹೇಳುತ್ತಾರೆ? ಮಗಳ ಹಳೇ ನೋಟ್‌ಬುಕ್ ಹರಿದು ನಲವತ್ತು ಚೀಟಿ ಮಾಡಿದೆವು. "ಶುಕ್ರವಾರ ಬೆಳಿಗ್ಗೆ ಕರೆಂಟ್ ಇಲ್ಲ, ಗುರುವಾರವೇ ಚಾರ್ಜ್ ಮಾಡಿಕೊಳ್ಳಿ" ಅಂತ ಕನ್ನಡದಲ್ಲಿ ಬರೆದು, ತಾರೀಖು ಹಾಕಿ, ಡಬ್ಬಿಯ ಮುಚ್ಚಳದ ಮೇಲೆ ಅಂಟಿಸಿದೆ. ತಾರೀಖು ಹಾಕಿದ್ದು ಝುವಾರಿನಗರದ ತಮ್ಮ ಹೇಳಿದ್ದಕ್ಕೆ.

ಶನಿವಾರ ಚೀಟಿ ಇರಲಿಲ್ಲ. ಹೇಳುವಂಥದ್ದು ಏನೂ ಇರಲಿಲ್ಲ. ಒಂದು ಗಂಟೆಗೆ ಕ್ರೇನಿನ ಹುಡುಗ ಒಬ್ಬ ಫೋನ್ ಮಾಡಿದ. "ಅಕ್ಕಾ, ಚೀಟಿ ಇಲ್ಲ. ಬಿದ್ದುಹೋಯಿತಾ, ಇಲ್ಲ ನಾಳೆ ನೀರು, ಕರೆಂಟ್ ಎಲ್ಲ ಸರಿ ಇದೆಯಾ?" ಅಂತ.

ಅಂದ ಹಾಗೆ ಝುವಾರಿನಗರಕ್ಕೆ ಡಬ್ಬಿ ಕಳಿಸಲು ಆಗಲ್ಲ ತಮ್ಮಾ, ಬಹಳ ದೂರ. ಭಾನುವಾರ ಈ ಕಡೆ ಬಂದರೆ ಊಟ ಮಾಡಿಕೊಂಡು ಹೋಗು. ರೊಟ್ಟಿ ಈಗ ಬಟರ್ ಪೇಪರಿನಲ್ಲಿ ಕಟ್ಟುತ್ತೇನೆ.